14 ಸಾಲಿನ ಎಸ್ಟಿಮೇಟ್

ಆಯುಧಪೂಜೆ ದಿನ ಗಾಡಿ ತೊಳೆದು, ಹೂವು ಮುಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಕಿಕ್ ಹೊಡೆದೆ. ಸೈಲೆನ್ಸರಿನಿಂದ ನೀಲಿ ಹೊಗೆ ಎಷ್ಟು ಬಂತು ಅಂದರೆ, ಆರತಿ ತಟ್ಟೆ ಹಿಡಿದು ಹಿಂದೆ ನಿಂತಿದ್ದ ಅಮ್ಮ ಕಾಣದೇ ಹೋದಳು. ಹೊಗೆಯೊಳಗಿಂದ ಮಾತು ಮಾತ್ರ ಬಂತು. "ಧೂಪ ನಾನು ಆಗಲೇ ಹಾಕಿದ್ದೀನಲ್ಲೋ!"

ಅದು ಅಪ್ಪ 2009ರ ಮೇ ತಿಂಗಳಲ್ಲಿ ತಗೊಂಡ ಸ್ಪ್ಲೆಂಡರ್ ಪ್ಲಸ್. ಕೆಎ 44, ತಿಪಟೂರು ರಿಜಿಸ್ಟ್ರೇಷನ್. ಟ್ಯಾಂಕಿನ ಮೇಲೆ ಇನ್ನೂ ಹೀರೋ ಹೋಂಡಾ ಅಂತಲೇ ಇದೆ. ಇಬ್ಬರೂ ಬೇರೆಯಾಗಿ ಎಷ್ಟೋ ವರ್ಷ ಆಯಿತು, ನಮ್ಮನೆ ಗಾಡಿ ಮೇಲೆ ಮಾತ್ರ ಇನ್ನೂ ಒಟ್ಟಿಗೇ ಇದ್ದಾರೆ. ಮೀಟರ್ ಕೇಬಲ್ ಎರಡು ಸಲ ತುಂಡಾಗಿ ತಿಂಗಳುಗಟ್ಟಲೆ ಹಾಗೇ ಓಡಿದೆ. ಹಾಗಾಗಿ ಮೀಟರ್ ತೋರಿಸುವ 91 ಸಾವಿರವನ್ನು ನಾನೂ ನಂಬುವುದಿಲ್ಲ, ನೀವೂ ನಂಬಬೇಡಿ.

ನಮ್ಮೂರಿಂದ ತಿಪಟೂರಿಗೆ 14 ಕಿಲೋಮೀಟರ್. ಅಲ್ಲಿ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಸಂಜೆ ಲೆಕ್ಕ ಕೂಡಿಸಿ ಎದ್ದೇಳುವ ಹೊತ್ತಿಗೆ ನಮ್ಮೂರ ಕಡೆಯ ಕೊನೇ ಬಸ್ಸು ಹೋಗಿರುತ್ತದೆ. ಗಾಡಿ ಇಲ್ಲದಿದ್ದರೆ ಕೆಲಸ ಇಲ್ಲ ಅಂತಲೇ ಅರ್ಥ.

ಮಂಡಿಯಲ್ಲಿ ರೈತರು ಕೊಬ್ಬರಿ ಹಾಕಿ ಪಟ್ಟಿ ಈಸಿಕೊಂಡು ಹೋಗುತ್ತಾರೆ. ಬಹಳ ಜನ ಕೊನೇ ಸಾಲು ನೋಡಿ, ಮಡಚಿ, ಜೇಬಿಗೆ ಇಟ್ಟುಕೊಳ್ಳುತ್ತಾರೆ. ಒಬ್ಬೊಬ್ಬರು ಮಾತ್ರ ಅಲ್ಲೇ ನಿಂತು, ತೂಕ ಎಷ್ಟು, ಹಮಾಲಿ ಎಷ್ಟು, ಇದೇನು, ಅದೇನು ಅಂತ ಬೆರಳಿಟ್ಟು ಕೇಳುತ್ತಾರೆ. ಅಂಥವರು ಬಂದರೆ ನಾವು ಸ್ವಲ್ಪ ನೆಟ್ಟಗೆ ಕೂರುತ್ತೇವೆ. ಇಪ್ಪತ್ತು ವರ್ಷ ಇದನ್ನು ನೋಡಿಯೂ, ನನ್ನ ಗಾಡಿಯ ಎಸ್ಟಿಮೇಟ್ ಕೈಗೆ ಬಂದಾಗ ನಾನೂ ಮೊದಲು ನೋಡಿದ್ದು ಕೊನೇ ಸಾಲನ್ನೇ. 13,980 ರೂಪಾಯಿ.

ಅದು ಕಂಪನಿ ಸರ್ವಿಸ್ ಸೆಂಟರ್. ಎಸಿ ಇದೆ, ಕಾಫಿ ಕೊಡುತ್ತಾರೆ. ಕೌಂಟರಿನ ಹುಡುಗ ಹೊರಗೆ ಬಂದು, ನಾನು 14 ಕಿಲೋಮೀಟರ್ ಓಡಿಸಿಕೊಂಡು ಬಂದಿದ್ದ ಗಾಡಿಯನ್ನು ಎರಡು ಸಲ ರೈಸ್ ಮಾಡಿದ. ಹೊಗೆ ನೋಡಿದ. "ಬೋರ್ ಹೋಗಿದೆ ಸಾರ್. ಫುಲ್ ಇಂಜಿನ್ ಮಾಡಿಸ್ಬಿಡಿ" ಅಂದ. ಬೋರ್ ಅಂದರೆ ಪಿಸ್ಟನ್ ಓಡಾಡುವ ಬ್ಲಾಕಿನ ಒಳಗೋಡೆ. ಒಳಗೆ ಹೋಗಿ ಪ್ರಿಂಟ್ ತೆಗೆದ. ಎಲ್ಲ ಸೇರಿ ಐದು ನಿಮಿಷ.

ಹಾಳೆಯಲ್ಲಿ 14 ಸಾಲು ಇತ್ತು. ಬ್ಲಾಕ್ ಪಿಸ್ಟನ್ ಕಿಟ್ 2,640. ವಾಲ್ವ್ ಎರಡು, ಸೀಲ್ ಸೇರಿ 780. ಟೈಮಿಂಗ್ ಚೈನ್ ಕಿಟ್ 690. ಕನೆಕ್ಟಿಂಗ್ ರಾಡ್ ಕಿಟ್ 1,150. ಕ್ಲಚ್ 1,260. ಚೈನ್ ಸ್ಪ್ರಾಕೆಟ್ 1,180. ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, 430. ಗ್ಯಾಸ್ಕೆಟ್, ಆಯಿಲ್, ಪ್ಲಗ್, ಕ್ರ್ಯಾಂಕ್ ಪ್ರೆಸ್ಸಿಂಗ್, ವಾಷಿಂಗ್. ಕನ್ಸ್ಯೂಮಬಲ್ಸ್ ಅಂತ ಒಂದು 350. ಏನದು ಅಂದರೆ, "ಗ್ರೀಸು, ವೇಸ್ಟ್ ಬಟ್ಟೆ ಎಲ್ಲಾ ಬರುತ್ತೆ ಸಾರ್" ಅಂದ. 350 ರೂಪಾಯಿಗೆ ಎಷ್ಟು ಬಟ್ಟೆ ಬರುತ್ತದೆ ಅಂತ ನಮ್ಮೂರ ಟೈಲರನ್ನು ಕೇಳಬೇಕು. ಲೇಬರ್ 3,800. ಕೆಳಗೆ ಚಿಕ್ಕ ಅಕ್ಷರದಲ್ಲಿ, ಲೇಬರ್ ಮೇಲೆ ಶೇ 18 ಜಿಎಸ್‌ಟಿ ಪ್ರತ್ಯೇಕ. ಅಂದರೆ ಇನ್ನೂ 684. ಕೊನೇ ಸಾಲು ಕೊನೇ ಸಾಲೇ ಅಲ್ಲ!

ರಾತ್ರಿ ಭಾವಮೈದ ಫೋನ್ ಮಾಡಿದ್ದ. "ಹದಿನಾಲ್ಕು ಸಾವಿರ ಹಾಕ್ತೀರಾ ಭಾವ? ಗಾಡಿ ಮಾರಿದ್ರೂ ಅಷ್ಟು ಬರಲ್ಲ. ಎಕ್ಸ್‌ಚೇಂಜಿಗೆ ಹಾಕಿ ಹೊಸದು ತಗೊಳ್ಳಿ" ಅಂದ. ನಿಜ, ಷೋರೂಮಿನವರು ಎಕ್ಸ್‌ಚೇಂಜಿಗೆ 11 ಸಾವಿರ ಅಂದಿದ್ದರು. ಗಾಡಿಯ ಬೆಲೆಗಿಂತ ರಿಪೇರಿ ಜಾಸ್ತಿ ಆದರೆ ಮಾರಿಬಿಡಬೇಕು ಅನ್ನುವ ಮಾತು ಊರಲ್ಲೆಲ್ಲ ಓಡಾಡುತ್ತದೆ. ಕೇಳಲು ಸರಿಯಾಗಿಯೇ ಇದೆ. ಆದರೆ ನನಗೆ ಅದು ಅಡ್ಡ ಲೆಕ್ಕ ಅನಿಸುತ್ತದೆ. ನಾನು ಗಾಡಿ ಮಾರುವ ವ್ಯಾಪಾರದಲ್ಲಿಲ್ಲ. 11 ಸಾವಿರಕ್ಕೆ ನನ್ನ ಗಾಡಿ ಬೇರೆಯವರಿಗೆ ಸಿಗುತ್ತದೆ, ಸರಿ. ನನಗೆ 11 ಸಾವಿರಕ್ಕೆ ಯಾವ ಗಾಡಿ ಸಿಗುತ್ತದೆ? ಬೇರೆ ಯಾರೋ ಮಾರುತ್ತಿರುವ ಇನ್ನೊಂದು ಹೊಗೆ ಗಾಡಿ.

ಹಾಗಾಗಿ ಮಂಡಿಯ ಹಳೇ ಡೈರಿಯ ಹಿಂಬದಿಯಲ್ಲಿ ಬೇರೆ ಥರ ಲೆಕ್ಕ ಹಾಕಿದೆ. ದಿನಕ್ಕೆ 28 ಕಿಲೋಮೀಟರ್, ತಿಂಗಳಿಗೆ 25 ದಿನ, ಅಲ್ಲಿಗೆ 700. ವರ್ಷಕ್ಕೆ 8,400. ಮೊದಲು ಲೀಟರಿಗೆ 60 ಕೊಡುತ್ತಿದ್ದ ಗಾಡಿ 48ಕ್ಕೆ ಇಳಿದಿತ್ತು. ಅಂದರೆ ವರ್ಷಕ್ಕೆ 140 ಲೀಟರ್ ಸಾಕಾಗುತ್ತಿದ್ದ ಕಡೆ 175 ಲೀಟರ್. ಲೀಟರಿಗೆ 103 ಅಂತ ಹಿಡಿದರೂ 3,600 ರೂಪಾಯಿ ಸುಮ್ಮನೆ ಹೋಗುತ್ತಿದೆ. ಅದರ ಮೇಲೆ, ಕಡ್ಡಿ ಅದ್ದಿ ನೋಡಿದಾಗಲೆಲ್ಲ ಆಯಿಲ್ ಕಮ್ಮಿ. ತುಂಬಿದ್ದೇ ತುಂಬಿದ್ದು. ರಿಪೇರಿ ಮಾಡಿಸದೆ ಬಿಡುವುದಕ್ಕೂ ಒಂದು ಬೆಲೆ ಇದೆ, ಅದನ್ನು ಯಾರೂ ಎಸ್ಟಿಮೇಟಿನಲ್ಲಿ ಬರೆಯುವುದಿಲ್ಲ.

ಹೊಸದು ತಗೊಂಡರೆ ಆನ್ ರೋಡ್ ಹತ್ತಿರ ಹತ್ತಿರ ಒಂದು ಲಕ್ಷ. 80 ಸಾವಿರ ಸಾಲ ಮಾಡಿದರೆ, ಶೇ 11 ಬಡ್ಡಿಗೆ ಮೂರು ವರ್ಷ, ತಿಂಗಳ ಕಂತು 2,600 ಚಿಲ್ಲರೆ. ಆ 13,980 ಅನ್ನುವುದು ಐದು ಕಂತು, ಅಷ್ಟೇ.

ಇನ್ನೊಂದು ವಿಷಯ ಇದೆ. ಗಾಡಿಗೆ 15 ವರ್ಷ ತುಂಬಿದಾಗ, 2024ರಲ್ಲಿ, ಆರ್‌ಟಿಒ ಆಫೀಸಿಗೆ ಅಲೆದು ಆರ್‌ಸಿ ರಿನ್ಯೂವಲ್ ಮಾಡಿಸಿದ್ದೇನೆ. ಬೈಕಿಗೆ ಆಗ ಸಾವಿರ ರೂಪಾಯಿ ಫೀಸು, ಹಸಿರು ತೆರಿಗೆ ಬೇರೆ. ಅದು ಐದು ವರ್ಷಕ್ಕೆ. ಅಂದರೆ 2029ರ ಮೇ ತನಕ ಗಾಡಿ ರಸ್ತೆ ಮೇಲೆ ಇರಬಹುದು. ಅಷ್ಟೊತ್ತಿಗೆ 20 ವರ್ಷ ದಾಟಿರುತ್ತದೆ. ಅಂಥ ಬೈಕುಗಳ ರಿನ್ಯೂವಲ್ ಫೀಸನ್ನು ಕೇಂದ್ರದವರು 2025ರ ಆಗಸ್ಟಿನಲ್ಲಿ 2,000ಕ್ಕೆ ಏರಿಸಿದ್ದಾರೆ. ಆಗಿನದು ಆಗ ನೋಡೋಣ. ಲೆಕ್ಕ ಹಾಕಿದ ದಿನ ನನ್ನ ಕೈಲಿದ್ದದ್ದು 43 ತಿಂಗಳು, ಸುಮಾರು 30 ಸಾವಿರ ಕಿಲೋಮೀಟರ್. ಆ ದುಬಾರಿ ಎಸ್ಟಿಮೇಟನ್ನು ಅದಕ್ಕೆ ಹಂಚಿದರೆ ಕಿಲೋಮೀಟರಿಗೆ 47 ಪೈಸೆ. ಪೆಟ್ರೋಲಿಗೇ ಎರಡು ರೂಪಾಯಿ ಮೇಲೆ ಬೀಳುತ್ತಿತ್ತು.

ಅಲ್ಲಿಗೆ ಒಂದು ಗೊಂದಲ ಹೋಯಿತು. ಈ ಗಾಡಿಗೆ ದುಡ್ಡು ಹಾಕಬಹುದಾ? ಹಾಕಬಹುದು. ಹಾಗಂತ 14 ಸಾಲಿಗೂ ಹಾಕಬೇಕಾ? ಅದು ಬೇರೆ ಪ್ರಶ್ನೆ. ನಾವು ಇವೆರಡನ್ನೂ ಕಲಸಿಕೊಂಡು ಕೂರುತ್ತೇವೆ. ಮೊತ್ತ ನೋಡಿ ಹೆದರಿ ಗಾಡಿ ಮಾರುತ್ತೇವೆ, ಇಲ್ಲಾ ಗಾಡಿ ಮೇಲಿನ ಪ್ರೀತಿಗೆ ಅಷ್ಟೂ ಸಾಲಿಗೆ ಹೂಂ ಅನ್ನುತ್ತೇವೆ.

ಮಾರನೇ ದಿನ ಪಕ್ಕದ ಮನೆಯವರು ಒಂದು ಉಪಾಯ ಹೇಳಿದರು. ಗಟ್ಟಿ ಆಯಿಲ್ ಹಾಕಿದರೆ ಹೊಗೆ ನಿಲ್ಲುತ್ತದಂತೆ. ನಿಲ್ಲಬಹುದು, ಕೆಲವು ದಿನ. ಗಾಡಿ ಮಾರುವವರು ಮಾಡುವ ಕೆಲಸ ಅದು. ಈ ಇಂಜಿನ್ನಿಗೆ ಹೇಳಿರುವುದು 10ಡಬ್ಲ್ಯೂ 30. ತೆಳು ಆಯಿಲ್, 900 ಎಂಎಲ್ ಡಬ್ಬಿಯಲ್ಲಿ ಬರುತ್ತದೆ. 20ಡಬ್ಲ್ಯೂ 50 ಹಾಕಿ ಹೊಗೆ ಮುಚ್ಚುವುದು ಅಂದರೆ, ಸೋರುವ ಹೆಂಚಿನ ಕೆಳಗೆ ಬಕೆಟ್ ಇಟ್ಟ ಹಾಗೆ.

ತಿಪಟೂರಿನಲ್ಲಿ ಹುಣಸೆಮರದ ಕೆಳಗೆ ಒಂದು ಗ್ಯಾರೇಜು ಇದೆ. ಬೋರ್ಡಿಲ್ಲ. ಅಲ್ಲಿನ ಮೆಕ್ಯಾನಿಕ್‌ಗೆ ಎಲ್ಲರೂ ಭಾಯ್ ಅಂತಾರೆ, ನಾನೂ ಅದನ್ನೇ ಅನ್ನುತ್ತೇನೆ. ಎಸ್ಟಿಮೇಟ್ ಹಾಳೆಯನ್ನು ಅವರಿಗೆ ತೋರಿಸಲಿಲ್ಲ. ಇದು ಬೇಕಂತಲೇ ಮಾಡಿದ್ದು. ಒಬ್ಬರ ಲೆಕ್ಕ ತೋರಿಸಿದರೆ ಇನ್ನೊಬ್ಬರು ಅದಕ್ಕಿಂತ ಎರಡು ಸಾವಿರ ಕಮ್ಮಿ ಹೇಳುತ್ತಾರೆ, ಗಾಡಿ ನೋಡುವುದಿಲ್ಲ. ಹೊಗೆ ಬರುತ್ತಿದೆ ಭಾಯ್, ಆಯಿಲ್ ಕುಡೀತಿದೆ, ಅಷ್ಟೇ ಹೇಳಿದೆ.

ಅವರು ಗಾಡಿ ಮುಟ್ಟಲೇ ಇಲ್ಲ. "ರಾತ್ರಿ ಇಲ್ಲೇ ಬಿಟ್ಟು ಹೋಗಿ. ಬೆಳಗ್ಗೆ ತಣ್ಣಗಿದ್ದಾಗ ನಾನೇ ಸ್ಟಾರ್ಟ್ ಮಾಡ್ಬೇಕು" ಅಂದರು. ನನಗೆ ಅಲ್ಲೇ ಅರ್ಧ ಸಮಾಧಾನ ಆಯಿತು. ಉಂಡೆ ಕೊಬ್ಬರಿ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಸುಲಿಯುವ ಮುಂಚೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಳಗೆ ಗಟಗಟ ಅಂದರೆ ಕೊಬ್ಬರಿ ಬಿಟ್ಟುಕೊಂಡಿದೆ. ನೀರಿನ ಸದ್ದು ಬಂದರೆ ವಾಪಸ್ ಅಟ್ಟಕ್ಕೆ. ಅಲ್ಲಾಡಿಸದೆ ಸುಲಿಯುವವನು ಒಂದೋ ಹೊಸಬ, ಇಲ್ಲಾ ಕಾಯಿ ಅವನದಲ್ಲ.

ಬೆಳಗ್ಗೆ ಎಂಟಕ್ಕೆ ಹೋದೆ. ಭಾಯ್ ಕಿಕ್ ಹೊಡೆದರು. ದಪ್ಪಗೆ ನೀಲಿ ಹೊಗೆ ಒಂದು ಸಲ ಭುಸ್ ಅಂತ ಬಂತು. ಇಂಜಿನ್ ಬಿಸಿಯಾಗುತ್ತಾ ತೆಳ್ಳಗಾಯಿತು. ಆಮೇಲೆ ಬಿ.ಎಚ್. ರಸ್ತೆಯಲ್ಲಿ ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟರು. ವೇಗ ಹಿಡಿದಾಗ ಹಿಂದೆ ತಿರುಗಿ ನೋಡು ಅಂದರು. ಹೊಗೆ ಅಷ್ಟೇನೂ ಇಲ್ಲ. ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಗಾಡಿ ತನ್ನಷ್ಟಕ್ಕೆ ಹೋಗಲು ಬಿಟ್ಟು, ಮತ್ತೆ ಕೊಟ್ಟರು. ಭುಸ್!

"ಬೋರ್ ಹೋಗಿದ್ರೆ ಎಳೆಯುವಾಗ ಹೊಗೆ ಬಿಡ್ತಾನೇ ಇರುತ್ತೆ. ಇದು ಹಾಗಲ್ಲ. ರಾತ್ರಿ ನಿಂತಾಗ ವಾಲ್ವ್ ಸೀಲಿಂದ ಆಯಿಲ್ ಒಳಗೆ ಇಳಿದಿದೆ, ಬೆಳಗ್ಗೆ ಅದು ಸುಡುತ್ತೆ. ಆಕ್ಸಿಲೇಟರ್ ಬಿಟ್ಟಾಗಲೂ ಅಷ್ಟೇ, ಒಳಗೆ ಎಳ್ಕೊಳ್ಳುತ್ತೆ."

ಅಷ್ಟಕ್ಕೇ ಬಿಡಲಿಲ್ಲ. ಪ್ಲಗ್ ಬಿಚ್ಚಿ, ಆ ತೂತಿಗೆ ಕಂಪ್ರೆಷನ್ ಗೇಜ್ ತಿರುಗಿಸಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಕಿಕ್ ಹೊಡೆದರು. ಹುಣಸೆಮರದ ಕೆಳಗೆ ಗೇಜ್ ಇದ್ದದ್ದೇ ನನಗೆ ಆಶ್ಚರ್ಯ. ಸೂಜಿ 8ರ ಹತ್ತಿರ ನಿಂತಿತು. ಚೆನ್ನಾಗಿದ್ದರೆ 10 ದಾಟಬೇಕಂತೆ. ಆಮೇಲೆ ಅದೇ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಹೊಡೆದರು. ಎಂಟೂವರೆ. ಆಯಿಲ್ ಬಿಟ್ಟಾಗ ಅದು ಪಿಸ್ಟನ್ ಸುತ್ತಲಿನ ರಿಂಗಿನ ಸಂದು ಮುಚ್ಚುತ್ತದೆ. ರಿಂಗ್ ಸವೆದಿದ್ದರೆ ಸೂಜಿ ಜಿಗಿಯಬೇಕು. ಜಿಗಿಯಲಿಲ್ಲ ಅಂದರೆ ಗಾಳಿ ಮೇಲಿಂದ, ವಾಲ್ವ್ ಕಡೆಯಿಂದ ಹೋಗುತ್ತಿದೆ. ಇಷ್ಟಕ್ಕೆ ಅವರಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಖರ್ಚು ಒಂದು ಚಮಚ ಆಯಿಲ್.

ಕ್ಲಚ್ ಹೇಗಿದೆ ಅಂತ ನಾನೇ ಕೇಳಿದೆ. ಮೂರನೇ ಗೇರಿಗೆ ಹಾಕಿ, ಬ್ರೇಕ್ ಬಿಗಿ ಹಿಡಿದು, ಸ್ವಲ್ಪ ರೈಸ್ ಕೊಟ್ಟು ಕ್ಲಚ್ ಬಿಟ್ಟರು. ಇಂಜಿನ್ ತಕ್ಷಣ ಆಫ್ ಆಯಿತು. "ಆಫ್ ಆಗ್ದೆ ಉರೀತಾ ಇದ್ರೆ ಪ್ಲೇಟ್ ಹೋಗಿದೆ ಅಂತ. ಇದು ಹಿಡೀತಿದೆ. ಇನ್ನೂ ಸ್ವಲ್ಪ ದಿನ ಬರುತ್ತೆ." ನಾನು ಮನೆಗೆ ಹೋಗಿ ಹಾಳೆಯ ಐದನೇ ಸಾಲಿನ ಮುಂದೆ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಎಷ್ಟಾಗುತ್ತೆ ಭಾಯ್ ಅಂದೆ. "ಎರಡೂವರೆಯಿಂದ ನಾಲ್ಕು ಸಾವಿರ. ಹೆಡ್ ಬಿಚ್ಚಿದ ಮೇಲೆ ಸರಿಯಾಗಿ ಹೇಳ್ತೀನಿ. ನಾಲ್ಕು ದಾಟೋ ಹಾಗಿದ್ರೆ ಫೋನ್ ಮಾಡ್ತೀನಿ, ನೀವು ಹೂಂ ಅಂದ್ರೆ ಮುಂದೆ." ಹೊರಗಿಂದ ಎಷ್ಟು ಗೊತ್ತಾಗುತ್ತದೋ ಅಷ್ಟನ್ನೇ ಹೇಳಿ, ಮೇಲೆ ಒಂದು ಗೆರೆ ಎಳೆದರು. 13,980 ಅನ್ನುವಷ್ಟು ಖಚಿತವಾದ ಸಂಖ್ಯೆ ಬಿಚ್ಚದ ಇಂಜಿನ್ನಿಗೆ ಹೇಗೆ ಬಂತು ಅನ್ನುವುದು ನನಗೆ ಆಗ ಹೊಳೆಯಿತು. ಏನೇ ಆಗಿದ್ದರೂ ಎಲ್ಲ ಬದಲಾಯಿಸುವುದಾದರೆ ಬಿಚ್ಚಿ ನೋಡುವುದೇ ಬೇಡವಲ್ಲ!

ಬಿಚ್ಚುವ ದಿನ ಮಂಡಿಯಲ್ಲಿ ಅರ್ಧ ದಿನ ರಜ ಹಾಕಿ ಹೋಗಿ ಕೂತೆ. ಇದು ಮೆಕ್ಯಾನಿಕ್ ಮೇಲಿನ ಅನುಮಾನಕ್ಕಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಸ್ವಲ್ಪ ಅನುಮಾನ, ಜಾಸ್ತಿ ಕುತೂಹಲ. ಹೆಡ್ ತೆಗೆದರು. ಎಕ್ಸಾಸ್ಟ್ ವಾಲ್ವ್ ಹಿಡಿದು ನನ್ನ ಕೈಗೆ ಕೊಟ್ಟು ಅಲ್ಲಾಡಿಸಿ ನೋಡಿ ಅಂದರು. ಗೈಡಿನೊಳಗೆ, ಅಂದರೆ ವಾಲ್ವ್ ಓಡಾಡುವ ಕೊಳವೆಯೊಳಗೆ, ಅದು ಸಡಿಲ ಹಲ್ಲಿನ ಹಾಗೆ ಆಡುತ್ತಿತ್ತು. ಬರೀ ಸೀಲ್ ಸಾಲುವುದಿಲ್ಲ, ಗೈಡ್ ಬದಲಾಯಿಸಬೇಕು, ಅದಕ್ಕೆ ಲೇತ್ ಅಂಗಡಿಗೆ ಹೋಗಬೇಕು.

ಆಮೇಲೆ ಬ್ಲಾಕ್ ಎತ್ತಿದರು. ಒಳಗೋಡೆ ಮೇಲೆ ಉಗುರು ಓಡಿಸಿ ಅಂದರು. ಮೇಲ್ತುದಿಯಲ್ಲಿ ಮೆಟ್ಟಿಲಿನ ಹಾಗೆ ಉಗುರಿಗೆ ತಡೆ ಸಿಕ್ಕರೆ ಬೋರ್ ಸವೆದಿದೆ ಅಂತ. ನುಣ್ಣಗಿತ್ತು, ಗೀರೂ ಇರಲಿಲ್ಲ. ಸವೆದಿದ್ದರೂ ಬ್ಲಾಕ್ ಎಸೆಯಬೇಕಿಲ್ಲವಂತೆ. ಈ ಇಂಜಿನ್ನಿನ ಬೋರ್ 50 ಮಿಲಿಮೀಟರ್. ಕಾಲು ಮಿಲಿಮೀಟರ್ ಕೊರೆಸಿ, ಅದಕ್ಕೆ ಸರಿಯಾದ ಓವರ್‌ಸೈಜ್ ಪಿಸ್ಟನ್ ಹಾಕಿದರೆ ಆಯಿತು. ಅದು ಮೊದಲನೇ ಸೈಜು. ಆಮೇಲೆ ಅರ್ಧ, ಮುಕ್ಕಾಲು, ಒಂದು ಅಂತ ಇನ್ನೂ ಇದೆ. ಸರ್ವಿಸ್ ಸೆಂಟರಿನಲ್ಲಿ ಲೇತ್ ಕೆಲಸದ ತಲೆನೋವು ಬೇಡ ಅಂತ ನೇರ ಹೊಸ ಬ್ಲಾಕನ್ನೇ ಬರೆಯುತ್ತಾರೆ. ಅದು ಮೋಸ ಅಲ್ಲ, ಅವರ ಅನುಕೂಲ. ದುಡ್ಡು ಮಾತ್ರ ನಮ್ಮದು.

ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಎಳೆದು ತೋರಿಸಿದರು. ಅಲ್ಲಾಡಲಿಲ್ಲ. ಅಕ್ಕಪಕ್ಕ ಸ್ವಲ್ಪ ಆಡಿತು, ಅದು ಇರಲೇಬೇಕಂತೆ. ಇಲ್ಲಿಗೆ ರಾಡ್ ಕಿಟ್, ಪ್ರೆಸ್ಸಿಂಗ್ ಎರಡೂ ಸಾಲು ಹೋದವು. ಅವು ಸಣ್ಣ ಸಾಲುಗಳಲ್ಲ. ರಾಡ್ ಬದಲಾಯಿಸಬೇಕು ಅಂದರೆ ಇಂಜಿನ್ನನ್ನೇ ಇಳಿಸಿ ಎರಡು ಹೋಳು ಮಾಡಬೇಕು. ಆ 3,800ರ ಲೇಬರಿನ ದೊಡ್ಡ ಪಾಲು ಅದಕ್ಕೇ.

ಆದರೆ ರಿಂಗ್ ವಿಷಯದಲ್ಲಿ ಭಾಯ್ ತಲೆ ಕೆರೆದುಕೊಂಡರು. ಹಳೇ ರಿಂಗನ್ನು ಬ್ಲಾಕಿನೊಳಗೆ ಕೂರಿಸಿ, ಅದರ ಬಾಯಿಯ ಸಂದಿಗೆ ಫೀಲರ್ ಗೇಜಿನ ಪಟ್ಟಿ ತೂರಿಸಿದರು. ಅರ್ಧ ಮಿಲಿಮೀಟರ್ ಪಟ್ಟಿ ಸಲೀಸಾಗಿ ಹೋಯಿತು. "ನಾನು ಹೊರಗಿಂದ ಹೇಳಿದ್ದು ಪೂರ್ತಿ ಸರಿಯಲ್ಲ ಅಣ್ಣ. ರಿಂಗೂ ಸವೆದಿದೆ. ಹೇಗೂ ಬಿಚ್ಚಿದ್ದೀವಲ್ಲ, ಹಾಕಿಬಿಡೋಣ."

ಹೇಗೂ ಬಿಚ್ಚಿದ್ದೀವಲ್ಲ. ಗ್ಯಾರೇಜಿನಲ್ಲಿ ಇದರಷ್ಟು ನಿಜವಾದ ಮಾತೂ ಇಲ್ಲ, ಇದರಷ್ಟು ದುಡ್ಡು ಕಿತ್ತ ಮಾತೂ ಇಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು ಯೋಚಿಸಿದೆ. ರಿಂಗಿಗೆ 380. ಈಗ ಹಾಕದೆ ಆರು ತಿಂಗಳ ಮೇಲೆ ಹಾಕಿಸಿದರೆ ಅದೇ 380ರ ಜೊತೆ ಮತ್ತೆ ಹೆಡ್, ಮತ್ತೆ ಬ್ಲಾಕ್ ಬಿಚ್ಚುವ ಕೂಲಿ, ಮತ್ತೆ ಪ್ಯಾಕಿಂಗ್ ಸೆಟ್ಟು. ಟೈಮಿಂಗ್ ಚೈನೂ ಅದೇ ದಾರಿಯಲ್ಲಿದೆ, ಸದ್ದೂ ಮಾಡುತ್ತಿತ್ತು. ಇವೆರಡಕ್ಕೆ ಆ ಮಾತು ಸರಿಹೋಗುತ್ತದೆ. ಆದರೆ ಚೈನ್ ಸ್ಪ್ರಾಕೆಟ್? ಅದು ಹಿಂದಿನ ಚಕ್ರದಲ್ಲಿದೆ. ಕೋನ್‌ಸೆಟ್? ಅದು ಹ್ಯಾಂಡಲ್ ಕೆಳಗಿದೆ. ಇಂಜಿನ್ ಬಿಚ್ಚಿದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇವತ್ತು ಹಾಕಿಸಿದರೂ ಅಷ್ಟೇ ಕೂಲಿ, ಯುಗಾದಿಗೆ ಹಾಕಿಸಿದರೂ ಅಷ್ಟೇ ಕೂಲಿ. ಅಂದಿನಿಂದ ಯಾವ ಎಸ್ಟಿಮೇಟ್ ನೋಡಿದರೂ ಮೊದಲು ಕೇಳಿಕೊಳ್ಳುವುದು ಇದನ್ನೇ. ಈ ಸಾಲು ಪಕ್ಕದ ಸಾಲಿನ ಕೂಲಿಯನ್ನು ಹಂಚಿಕೊಳ್ಳುತ್ತದಾ, ಇಲ್ಲಾ ಸುಮ್ಮನೆ ಜೊತೆಗೆ ಬಂದು ನಿಂತಿದೆಯಾ?

ಸ್ಪ್ರಾಕೆಟನ್ನು ನಾನೇ ನೋಡಿದೆ. ಹಿಂದಿನ ಹಲ್ಲುಗಾಲಿಯ ಮೇಲಿಂದ ಚೈನನ್ನು ಹಿಂದಕ್ಕೆ ಎಳೆದರೆ ಸಂದಿಯಲ್ಲಿ ಹಲ್ಲು ಅರ್ಧಕ್ಕಿಂತ ಜಾಸ್ತಿ ಕಾಣಬಾರದು, ಹಲ್ಲು ಗರಗಸದ ಥರ ಒಂದು ಕಡೆ ವಾಲಿರಬಾರದು. ಪರವಾಗಿಲ್ಲ ಅನಿಸಿತು. ಕೋನ್‌ಸೆಟ್ ಸಾಲನ್ನು ನೋಡದೆಯೇ ಹೊಡೆದು ಹಾಕಿದೆ. ಇದನ್ನು ನೆನಪಿಟ್ಟುಕೊಳ್ಳಿ.

ಸಾಮಾನು ನಾನೇ ತಂದುಕೊಟ್ಟೆ. ಸ್ಪೇರ್ಸ್ ಅಂಗಡಿಯವರು ಕೇಳಿದ ಮೊದಲ ಮಾತು, "ಕಂಪನಿದಾ, ಬೇರೆ ಬ್ರ್ಯಾಂಡಾ, ಲೋಕಲ್ಲಾ?" ಲೋಕಲ್ ಬೇಡ. ಆದರೆ ಎಲ್ಲದಕ್ಕೂ ಗಾಡಿ ಕಂಪನಿಯ ಪೊಟ್ಟಣವೇ ಆಗಬೇಕು ಅನ್ನುವ ಹಟವೂ ನನಗಿಲ್ಲ. ರಿಂಗ್, ಪಿಸ್ಟನ್ ಮಾಡುವುದನ್ನೇ ಕಸುಬು ಮಾಡಿಕೊಂಡ ಕಂಪನಿಗಳಿವೆ. ಗೋಯೆಟ್ಜೆಯವರ ಒಂದು ಕಾರ್ಖಾನೆ ನಮ್ಮ ಯಲಹಂಕದಲ್ಲೇ ಇದೆ. ಭಾಯ್ ಅದನ್ನೇ ತನ್ನಿ ಅಂದಿದ್ದರು, ತಂದೆ.

ಟೈಮಿಂಗ್ ಚೈನ್ ಕಿಟ್ಟಿನ ಮೇಲೆ ಎಂಆರ್‌ಪಿ 690 ಅಂತಿತ್ತು. ಪ್ಯಾಕ್ ಮಾಡಿದ ತಿಂಗಳು ನೋಡಿದೆ, ಹಳೇ ಸ್ಟಾಕು. 2025ರ ಸೆಪ್ಟೆಂಬರ್ 22ರಿಂದ ಇಂಥ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದರ ಮೇಲೆ ಜಿಎಸ್‌ಟಿ ಅಂತ ಒಂದು ರೂಪಾಯಿ ಕೇಳುವ ಹಾಗಿಲ್ಲ, ತೆರಿಗೆ ಇಳಿದರೆ ಬೆಲೆಯೂ ಇಳಿಯಬೇಕು. 690ನ್ನು 128ರಿಂದ ಭಾಗಿಸಿ 118ರಿಂದ ಗುಣಿಸಿ ಅಂದೆ. ಅಂಗಡಿಯವರು ಕ್ಯಾಲ್ಕುಲೇಟರ್ ಒತ್ತಿ, ನನ್ನ ಮುಖ ನೋಡಿ, "636. ಚಿಲ್ಲರೆ ಇಲ್ಲ ಸ್ವಾಮಿ, 640 ಕೊಡಿ" ಅಂದರು. ಕೊಟ್ಟೆ. ನಾಲ್ಕು ರೂಪಾಯಿಗೆ ಜಗಳ ಆಡುವಷ್ಟು ಗುಮಾಸ್ತ ನಾನಲ್ಲ.

ಲೇಬರ್ ವಿಷಯದಲ್ಲಂತೂ ನಾನು ಚೌಕಾಸಿ ಮಾಡುವುದೇ ಇಲ್ಲ. 2017ರಲ್ಲಿ ಒಂದು ಸಲ ಬೇರೆ ಗ್ಯಾರೇಜಿನಲ್ಲಿ ಕ್ಲಚ್ ಕೆಲಸಕ್ಕೆ 150 ರೂಪಾಯಿ ಇಳಿಸಿಕೊಂಡಿದ್ದೆ. ಗೆದ್ದೆ ಅಂದುಕೊಂಡೆ. ಆತ ಹಳೇ ಪ್ಯಾಕಿಂಗನ್ನೇ ಒರೆಸಿ ಮತ್ತೆ ಹಾಕಿದ್ದ. ಮುಂದಿನ ಒಂದು ವರ್ಷ ನಮ್ಮನೆ ಜಗಲಿ ಕೆಳಗೆ ಆಯಿಲ್ ಚುಕ್ಕೆ ಬಿತ್ತು. ಅಮ್ಮ ಅದನ್ನು ತಪ್ಪಿಸಿ ರಂಗೋಲಿ ಹಾಕುತ್ತಿದ್ದಳು. ಕೂಲಿ ಕಡಿದರೆ ಅವರು ಕಡಿಯುವುದು ಸಮಯವನ್ನು. ಸಾಮಾನಿನ ಬೆಲೆ ಕೇಳಿ, ಬೇಕಾ ಬೇಡವಾ ಕೇಳಿ, ಹಳೇದನ್ನು ಕೈಗೆ ಕೊಡಿ ಅನ್ನಿ. ಕೂಲಿ ಕೇಳಿದಷ್ಟು ಕೊಡಿ. ಜಾಸ್ತಿ ಅನಿಸಿದರೆ ಮೊದಲೇ ಬೇರೆ ಕಡೆ ಹೋಗಿ.

ಕೊನೆಗೆ ಆದದ್ದು ಇಷ್ಟು. ಸೀಲ್ 120, ಗೈಡ್ ಮತ್ತು ಲೇತ್ 350, ಎಕ್ಸಾಸ್ಟ್ ವಾಲ್ವ್ 240, ರಿಂಗ್ 380, ಟೈಮಿಂಗ್ 640, ಪ್ಯಾಕಿಂಗ್ ಸೆಟ್ 290, ಆಯಿಲ್ 410, ಭಾಯ್ ಕೂಲಿ 1,300. ಒಟ್ಟು 3,730. ಭಾಯ್ ಎಳೆದ ಗೆರೆಯ ಒಳಗೇ. ಹೊಗೆ ನಿಂತಿತು. ಈಗ ಲೀಟರಿಗೆ 56, 57 ಬರುತ್ತಿದೆ. ದೀಪಾವಳಿಗೆ ಗಾಡಿ ಸ್ಟಾರ್ಟ್ ಮಾಡಿದಾಗ ಅಮ್ಮ ಬೇಕಂತಲೇ ಹಿಂದೆ ಬಂದು ನಿಂತು ನೋಡಿದಳು.

ಇಲ್ಲಿಗೆ ನಿಲ್ಲಿಸಿದರೆ ಸರ್ವಿಸ್ ಸೆಂಟರಿನವರಿಗೆ ಅನ್ಯಾಯ. ಭಾಯ್ ನನಗೆ ಬಿಲ್ ಕೊಟ್ಟಿಲ್ಲ. ಲೆಕ್ಕ ಬರೆದದ್ದು ಬೀಡಿ ಕಟ್ಟಿನ ಮೇಲಿನ ಕಾಗದದಲ್ಲಿ. ನಾಳೆ ಏನಾದರೂ ಆದರೆ ನನ್ನ ಹತ್ತಿರ ಇರುವುದು ಅವರ ಮುಖದ ಗುರುತು ಮಾತ್ರ. ವಾರಂಟಿ ಇರುವ ಹೊಸ ಗಾಡಿಯಾಗಿದ್ದರೆ ನಾನು ಹುಣಸೆಮರದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ದಾಖಲೆ, ಬಿಲ್ಲು, ಆಮೇಲೆ ಕೇಳುವ ಹಕ್ಕು, ಇವಕ್ಕೂ ಬೆಲೆ ಇದೆ. ಬರೀ ಬಟ್ಟೆಗೆ 350 ಕೊಡುವುದಕ್ಕೆ ನನ್ನ ತಕರಾರು.

ಮತ್ತೆ, ಕೋನ್‌ಸೆಟ್.

ಸಂಕ್ರಾಂತಿ ಮುಗಿದ ವಾರ. ಸಂಜೆ ಊರಿಗೆ ಬರುವಾಗ ತಿರುವಿನಲ್ಲಿ ಜಲ್ಲಿ ಚೆಲ್ಲಿತ್ತು. ಹ್ಯಾಂಡಲ್ ಸ್ವಲ್ಪ ತಿರುಗಿಸಬೇಕಿತ್ತು, ಅದು ನಡುವಿನಲ್ಲಿ ಎಲ್ಲೋ ಕಚ್ಚಿಕೊಂಡ ಹಾಗೆ ನಿಂತು, ಆಮೇಲೆ ಒಮ್ಮೆಲೇ ಬಿಟ್ಟಿತು. ಗಾಡಿ ಜಲ್ಲಿ ಮೇಲೆ ಜಾರಿ, ನಾನು ಕಾಲು ಕೊಟ್ಟು, ಹೇಗೋ ನಿಂತೆ. ಮೊಣಕಾಲು ತರಚಿತು. ಟಿಫಿನ್ ಡಬ್ಬಿ ಚರಂಡಿಗೆ ಹೋಯಿತು. ಮನೆಗೆ ಬಂದು ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿದೆ. ಸರಿಯಾಗಿ ನಡುವೆ ಬಂದಾಗ ಕಟಕ್ ಅಂತ ಒಂದು ಗುಳಿಯಲ್ಲಿ ಬಿದ್ದ ಹಾಗೆ. ಬೇರಿಂಗಿನ ಗುಂಡುಗಳು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕುಟ್ಟಿ ಕುಟ್ಟಿ ಗುಳಿ ಮಾಡಿದ್ದವು. ಆ ಕೌಂಟರಿನ ಹುಡುಗ ಐದು ನಿಮಿಷದಲ್ಲಿ ಇದನ್ನು ನೋಡಿ ಬರೆದನೋ, ಹಳೇ ಗಾಡಿ ಅಂತ ಸುಮ್ಮನೆ ಬರೆದನೋ ಗೊತ್ತಿಲ್ಲ. ಬರೆದದ್ದು ಸರಿಯಾಗಿತ್ತು. ಎಕ್ಸಾಸ್ಟ್ ವಾಲ್ವನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದ ನಾನು, ದಿನಾ ಹಿಡಿಯುವ ಹ್ಯಾಂಡಲನ್ನು ಅಲ್ಲಾಡಿಸಿ ನೋಡಿರಲಿಲ್ಲ. ಆಮೇಲೆ ಮಾಡಿದರೂ ನಡೆಯುತ್ತದೆ ಅನ್ನುವುದನ್ನು ಬೇಡವೇ ಬೇಡ ಅಂತ ಓದಿಕೊಂಡಿದ್ದೆ.

ಭಾಯ್ ಹೊಸ ಕೋನ್‌ಸೆಟ್ ಹಾಕಿದರು. ಸಾಮಾನು 390, ಕೂಲಿ 250. "ಇಂಜಿನ್ ಕೆಟ್ರೆ ಗಾಡಿ ನಿಲ್ಲುತ್ತೆ ಅಣ್ಣ, ಇದು ಕೆಟ್ರೆ ಬೀಳುತ್ತೆ. ಬ್ರೇಕು, ಟೈರು, ಇದು, ಇವಕ್ಕೆ ನೀವು ಡೈರಿ ತೆಗೀಬೇಡಿ" ಅಂತ ಬೈದರು. ಹಳೇ ಗುಳಿ ಬಿದ್ದ ಬಟ್ಟಲನ್ನು ಕೇಳಿ ಈಸಿಕೊಂಡು ಬಂದೆ. ಈಗ ಮಂಡಿಯಲ್ಲಿ ನನ್ನ ಮೇಜಿನ ಮೇಲೆ ಪಟ್ಟಿಗಳು ಹಾರದ ಹಾಗೆ ಕೂತಿದೆ.

ಆ 14 ಸಾಲಿನ ಹಾಳೆಯನ್ನು ಎಸೆದಿಲ್ಲ. ಗಾಡಿಯ ಕಾಗದಗಳ ಜೊತೆ ಕವರಿನಲ್ಲಿ ಇಟ್ಟಿದ್ದೇನೆ. ಮಾಡಿಸಿದ್ದಕ್ಕೆ ಟಿಕ್, ಬೇಡದ್ದಕ್ಕೆ ಗೆರೆ. ಕೋನ್‌ಸೆಟ್ ಮೇಲೆ ಮೊದಲು ಗೆರೆ, ಆಮೇಲೆ ಆ ಗೆರೆ ಮೇಲೆ ಟಿಕ್. ಮೊನ್ನೆ ಒಂದು ಮೂಟೆ ಹಿಂಡಿ ಹಿಂದೆ ಕಟ್ಟಿಕೊಂಡು ನಮ್ಮೂರ ಕೆರೆ ಏರಿ ಹತ್ತುವಾಗ ಇಂಜಿನ್ ಸದ್ದು ಏರಿತು, ಗಾಡಿ ಮಾತ್ರ ಏರಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು ಆ ಕವರ್ ತೆಗೆದೆ. ಐದನೇ ಸಾಲು. ಕ್ಲಚ್ 1,260. ಪೆನ್ಸಿಲಿನ ಪ್ರಶ್ನಾರ್ಥಕ ಚಿಹ್ನೆ ಅಲ್ಲೇ ಇತ್ತು.